ಕೂಡಿಬಾರದ ಕೀಲು

ಇಂಗ್ಲೆಂಡಿನಲ್ಲಿ ಒಂದು ಬಗೆಯ ಕಾರು ಕೊಂಡವನ ಮನೆಗೆ ತಾನಾಗಿ ಓಡಿಕೊಂಡು ಬರುವುದಿಲ್ಲ. ಪೆಟ್ಟಿಗೆಗಳಲ್ಲಿ ಮಲಗಿಕೊಂಡು ಬರುತ್ತದೆ. ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಒಂದು ಚಾಸಿ, ನಾರುಗಾಜಿನ ಮೂತಿ, ಅಲ್ಯೂಮಿನಿಯಮ್ಮಿನ ಹಾಳೆಗಳು, ಸಣ್ಣ ಚೀಲಗಳಲ್ಲಿ ತುಂಬಿದ ನೂರಾರು ಬೋಲ್ಟುಗಳು. ಇವನ್ನೆಲ್ಲ ಕೂಡಿಸಿ ಓಡುವ ವಾಹನವನ್ನಾಗಿ ಮಾಡುವ ಹೊಣೆ ಕೊಂಡವನದು.

ಈ ಹವ್ಯಾಸ ಹಬ್ಬಿದ್ದಕ್ಕೆ ಕಾರಣ ಬರಿಯ ಉತ್ಸಾಹವಲ್ಲ, ತೆರಿಗೆ. ಕಾಲಿನ್ ಚಾಪ್ಮನ್ ಎಂಬ ಎಂಜಿನಿಯರು ಉತ್ತರ ಲಂಡನ್ನಿನ ಹಾರ್ನ್ಸಿಯಲ್ಲಿ, ತನ್ನ ತಂದೆಯ ಹೋಟೆಲಿನ ಹಿಂದಿದ್ದ ಕುದುರೆಲಾಯದಲ್ಲಿ ಲೋಟಸ್ ಸಂಸ್ಥೆಯನ್ನು ಬೆಳೆಸಿ, 1957ರಲ್ಲಿ 'ಸೆವೆನ್' ಎಂಬ ಪುಟ್ಟ ಕ್ರೀಡಾಕಾರನ್ನು ಹೊರತಂದನು. ಸಿದ್ಧವಾದ ಕಾರಿಗೆ ಆಗ ಬ್ರಿಟನ್ನಿನಲ್ಲಿ ಕೊಳ್ಳುವ ತೆರಿಗೆ ಇತ್ತು. ಬಿಡಿಭಾಗಗಳ ಕಂತೆಯಾಗಿ ಕೊಂಡರೆ ಆ ತೆರಿಗೆಯಿಂದ ಪಾರಾಗಬಹುದಿತ್ತು. ಜೋಡಿಸುವ ಕ್ರಮವನ್ನು ಬರೆದುಕೊಟ್ಟರೆ ಸರಕಾರದವರು ಆಕ್ಷೇಪಿಸುವರೆಂದು, ಬಿಚ್ಚುವ ಕ್ರಮವನ್ನು ಅಚ್ಚುಹಾಕಿಸಿ ಕೊಟ್ಟು, ಕೊಂಡವರು ಅದನ್ನು ತುದಿಯಿಂದ ಮೊದಲಿಗೆ ಓದಿಕೊಳ್ಳುತ್ತಿದ್ದರೆಂಬ ಕಥೆಯೊಂದು ಈಗಲೂ ಪ್ರಚಾರದಲ್ಲಿದೆ. 1973ರಲ್ಲಿ ತೆರಿಗೆಯ ಪದ್ಧತಿ ಬದಲಾಗಿ ಆ ಲಾಭ ಹೋಯಿತು. ಅದೇ ವರ್ಷ ಸೆವೆನ್ನಿನ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಗೆ ಸೇರಿತು. ತೆರಿಗೆ ಹೋದರೂ ಚಟ ಹೋಗಲಿಲ್ಲ. 1996ರಲ್ಲಿ ರಾನ್ ಚಾಂಪಿಯನ್ ಎಂಬಾತನು ಇನ್ನೂರೈವತ್ತು ಪೌಂಡುಗಳಲ್ಲಿ ಇಂಥ ಕಾರನ್ನು ಕಟ್ಟಿಕೊಳ್ಳಬಹುದೆಂದು ಪುಸ್ತಕವನ್ನೇ ಬರೆದ ಮೇಲಂತೂ ಎಷ್ಟೋ ಮಂದಿ ಗೃಹಸ್ಥರು ಗ್ಯಾರೇಜಿನೊಳಗೆ ಹೊಕ್ಕು ಊಟದ ಹೊತ್ತಿಗೂ ಹೊರಬರದಂತಾದರು.

ಹೀಗೆ ಹೊಕ್ಕವರಲ್ಲಿ ನಿವೃತ್ತನಾದ ಒಬ್ಬ ಶಾಲಾಮಾಸ್ತರನೂ ಇದ್ದನು. ಎಂಜಿನ್ನು, ಹಿಂದಿನ ಅಚ್ಚು, ಬ್ರೇಕಿನ ಕೊಳವೆಗಳು ಇವೆಲ್ಲ 1970ರ ದಶಕದ ಆರಂಭದ ಒಂದು ಹಳೆಯ ಕಾರಿನಿಂದ ಬಿಚ್ಚಿದವು; ಉಳಿದವು ಹೊಸವು. ಒಂದು ಚಳಿಗಾಲದಲ್ಲಿ ಮುಗಿಸಿ, ಬೇಸಗೆಗೆ ಮೊಮ್ಮಗನನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಸಮುದ್ರತೀರದವರೆಗೆ ಹೋಗಿಬರುವುದೆಂದು ಮಾತು ಕೊಟ್ಟಿದ್ದನು. ಎರಡು ಬೇಸಗೆಗಳು ಕಳೆದವು. ಮೊಮ್ಮಗನು ಎರಡು ಅಂಗುಲ ಬೆಳೆದನು, ಕಾರು ಬೆಳೆಯಲಿಲ್ಲ.

ಮೊದಲನೆಯ ದಿನವೇ ಮೊದಲನೆಯ ಬೋಲ್ಟು ಒಳಗೆ ಹೋಗಲಿಲ್ಲ. ತೂತು ಸರಿಯಾಗಿತ್ತು, ಬೋಲ್ಟೂ ಸರಿಯಾಗಿತ್ತು. ಚಾಸಿಗೆ ಪುಡಿಬಣ್ಣವನ್ನು ಬಳಿದು ಕುಲುಮೆಯಲ್ಲಿ ಕಾಯಿಸಿದ್ದರು. ಆ ಬಣ್ಣ ತೂತಿನ ಒಳಗೋಡೆಗೂ ಹತ್ತಿಕೊಂಡಿತ್ತು. ಅದರ ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು. ಆದರೆ ಎರಡು ಕಡೆಯಿಂದಲೂ ಒತ್ತಿದರೆ ಬೋಲ್ಟಿಗೆ ದಾರಿ ಇರುವುದಿಲ್ಲ. ಸುತ್ತಿಗೆಯಿಂದ ಬಡಿದರೆ ಬಣ್ಣ ಚಕ್ಕೆಯೇಳುವುದು, ತುಕ್ಕಿಗೆ ಬಾಗಿಲು ತೆರೆಯುವುದು. ಆತನು ಒಂದು ವಾರವಿಡೀ ತೂತುಗಳನ್ನು ಕೆರೆಯುತ್ತ ಕುಳಿತನು. ಇದು ಎಲ್ಲರಿಗೂ ಬರುವ ತೊಡಕು. ಇದರಲ್ಲಿ ಹೇಳಿಕೊಳ್ಳುವಂಥದೇನೂ ಇಲ್ಲ.

ಸ್ಟಿಯರಿಂಗಿನ ಕತೆ ಬೇರೆ. ಚಕ್ರದಿಂದ ಕೆಳಗಿಳಿಯುವ ಸರಳು ಎಂಜಿನ್ನಿನ ಬದಿಯಲ್ಲಿ, ಅದನ್ನು ಹೊತ್ತ ಉಕ್ಕಿನ ತೋಳಿನ ಪಕ್ಕದಲ್ಲಿಯೇ ಹಾಯ್ದುಹೋಗಬೇಕು. ಸರಳು ಆ ತೋಳಿಗೆ ತಾಗಿ ನಿಂತಿತು. ಕೈಯಲ್ಲಿ ಅರವಿದ್ದವನಿಗೆ ತಕ್ಷಣ ತೋಚುವ ಉಪಾಯ ಒಂದೇ: ತೋಳನ್ನು ನಾಲ್ಕು ಮಿಲಿಮೀಟರು ಉಜ್ಜಿಬಿಡುವುದು. ಆತನು ಗುರುತು ಹಾಕಿ ಉಜ್ಜಲೂ ಕುಳಿತನು. ಆದರೆ ಎಂಜಿನ್ನಿನ ಭಾರವನ್ನೆಲ್ಲ ಹೊರುವ ತುಂಡನ್ನು ತೆಳುಮಾಡುವುದಕ್ಕೆ ಮನಸ್ಸು ಒಪ್ಪಲಿಲ್ಲ. ಅರವನ್ನು ಕೆಳಗಿಟ್ಟು, ದಾರವೊಂದನ್ನು ಚಾಸಿಯ ಉದ್ದಕ್ಕೂ ಕಟ್ಟಿ ನೋಡಿದನು. ಎಂಜಿನ್ನೇ ಸೊಟ್ಟಗೆ ಕುಳಿತಿತ್ತು! ಮೂರು ವಾರಗಳ ಹಿಂದೆ ಅದನ್ನು ಇಳಿಸಿದ ದಿನ, ಗೇರ್‌ಬಾಕ್ಸಿನ ಹಿಂಬದಿಯ ಆಧಾರವನ್ನು ಸೇರಿಸುವ ಮೊದಲೇ ಮುಂದಿನ ಎರಡು ಬೋಲ್ಟುಗಳನ್ನು ಬಿಗಿದುಬಿಟ್ಟಿದ್ದನು. ಅವುಗಳನ್ನು ಸಡಿಲಿಸಿ, ಹಿಂದಿನದನ್ನು ಕೂರಿಸಿ, ಎಲ್ಲವನ್ನೂ ಒಟ್ಟಿಗೆ ಸ್ವಲ್ಪಸ್ವಲ್ಪವಾಗಿ ಬಿಗಿಯುತ್ತ ಬಂದಾಗ ಸರಳು ಯಾರ ಸಹಾಯವೂ ಇಲ್ಲದೆ ತನ್ನ ದಾರಿಯನ್ನು ಹಿಡಿಯಿತು. ತಾಗುತ್ತಿದ್ದ ತೋಳಿನಲ್ಲಿ ತಪ್ಪಿರಲಿಲ್ಲ, ತಾಗಿದ ಸರಳಿನಲ್ಲಿಯೂ ಇರಲಿಲ್ಲ. ಅತ್ತೆಯ ಮೇಲಿನ ಸಿಟ್ಟನ್ನು ಕೊತ್ತಿಯ ಮೇಲೆ ತೀರಿಸಿದಂತೆ ಆ ತೋಳನ್ನು ಉಜ್ಜಿದ್ದರೆ, ಎಂಜಿನ್ನಿನ ಸೊಟ್ಟತನ ಅಲ್ಲಿಯೇ ಅಡಗಿಕೊಂಡು ಮುಂದೆ ಎಲ್ಲಿಯೋ ತಲೆಯೆತ್ತುತ್ತಿತ್ತು.

ಅಂದಿನಿಂದ ಆತನಿಗೆ ಬೇರೊಂದು ಅಭ್ಯಾಸವಾಯಿತು. ಯಾವ ಭಾಗ ಕೂಡಿಬರದಿದ್ದರೂ ಅದನ್ನು ಬಿಟ್ಟು, ಅದಕ್ಕಿಂತ ಮೊದಲು ಮಾಡಿದ ಮೂರು ಕೆಲಸಗಳನ್ನು ಪರೀಕ್ಷಿಸುವನು. ಮೂತಿಗೂ ಎಂಜಿನ್ನಿನ ಮೇಲ್ಭಾಗಕ್ಕೂ ನಡುವೆ ಎಷ್ಟು ಎಡೆಯಿದೆಯೆಂದು ತಿಳಿಯಲು ಮೊಮ್ಮಗನ ಆಟದ ಮೇಣದುಂಡೆಗಳನ್ನು ಅಲ್ಲಲ್ಲಿ ಅಂಟಿಸಿ, ಮುಚ್ಚಳವನ್ನಿಟ್ಟು ತೆಗೆದು, ಚಪ್ಪಟೆಯಾದ ಮೇಣವನ್ನು ಅಳೆಯುವನು. ಅಲ್ಯೂಮಿನಿಯಮ್ ಹಾಳೆಯನ್ನು ಕತ್ತರಿಸುವ ಮೊದಲು ರಟ್ಟಿನಲ್ಲಿ ಅಚ್ಚು ತೆಗೆಯುವನು. ಚಕ್ರದ ತೋಳುಗಳಲ್ಲಿರುವ ರಬ್ಬರಿನ ಬುಷ್ಷುಗಳ ಬೋಲ್ಟುಗಳನ್ನು, ಕಾರು ತನ್ನ ಭಾರದ ಮೇಲೆ ನೆಲಕ್ಕೆ ನಿಲ್ಲುವವರೆಗೂ ಬಿಗಿಯುತ್ತಿರಲಿಲ್ಲ. ಗಾಳಿಯಲ್ಲಿ ತೂಗುವಾಗ ಬಿಗಿದರೆ, ಕೆಳಗಿಳಿದಾಗ ರಬ್ಬರು ತಿರುಚಿಕೊಂಡು ಹರಿಯುತ್ತದೆ. ನಮ್ಮ ಹಳ್ಳಿಯ ಬಡಗಿ ಗಾಡಿಯ ಚಕ್ರಕ್ಕೆ ಅರೆಗಾಲುಗಳನ್ನೆಲ್ಲ ಹಗುರಾಗಿ ಕೂರಿಸಿ, ಸುತ್ತಲೂ ನೋಡಿ, ಆಮೇಲೆ ಬಿಗಿ ಮಾಡುವ ಜಾಣ್ಮೆಯೂ ಇದೇ.

ಇಷ್ಟೆಲ್ಲ ಎಚ್ಚರವಿದ್ದವನನ್ನು ವಂಚಿಸಿದ್ದು ಕೂಡಿಬಾರದ ಕೀಲಲ್ಲ, ಸುಲಭವಾಗಿ ಕೂಡಿಬಂದ ಒಂದು ಕೀಲು.

ಬ್ರೇಕಿನ ಹೊಸ ಸಿಲಿಂಡರಿಗೆ ಹಳೆಯ ಕಾರಿನ ಕೊಳವೆಯನ್ನು ಸೇರಿಸಬೇಕಾಗಿತ್ತು. ಕೊಳವೆಯ ತುದಿಯ ನಟ್ಟು ಬೆರಳಿನಿಂದ ತಿರುಗಿಸಿದರೇ ಒಳಗೆ ಹೋಯಿತು. ಪ್ರತಿಯೊಂದು ಬೋಲ್ಟಿನೊಡನೆಯೂ ಹೊಡೆದಾಡಿ ದಣಿದಿದ್ದ ಮನುಷ್ಯನಿಗೆ ಇದೊಂದು ಕೃಪೆಯಂತೆ ಕಂಡಿತು. ಸ್ಪ್ಯಾನರಿನಿಂದ ಕೊನೆಯ ಸುತ್ತನ್ನು ಬಿಗಿದು ಮುಂದಿನ ಕೆಲಸಕ್ಕೆ ಹೋದನು.

ಬ್ರೇಕಿಗೆ ಎಣ್ಣೆ ತುಂಬಿ ಗಾಳಿಯನ್ನು ಹೊರಡಿಸುವುದು ಇಬ್ಬರ ಕೆಲಸ. ಹೆಂಡತಿಯು ಆಸನವಿಲ್ಲದ ಕಾರಿನಲ್ಲಿ ಹಲಗೆಯೊಂದರ ಮೇಲೆ ಕುಳಿತು ಪೆಡಲನ್ನು ಒತ್ತುವಳು. ಆತನು ಚಕ್ರದ ಬಳಿ ಮಲಗಿ "ಒತ್ತು", "ಹಿಡಿ", "ಬಿಡು" ಎನ್ನುವನು. ನಾಲ್ಕು ಚಕ್ರಗಳೂ ಮುಗಿದವು. ಪೆಡಲು ಕಲ್ಲಿನಂತೆ ಗಟ್ಟಿಯಾಯಿತು. "ಕೊನೆಯದಾಗಿ ಒಮ್ಮೆ ಬಲವಾಗಿ ಒತ್ತು" ಎಂದು ಹೇಳಿ ದೀಪ ಹಿಡಿದು ನೋಡಿದರೆ, ಹೊಸ ಸಿಲಿಂಡರಿನ ಬುಡದಲ್ಲಿ ಒಂದು ಹನಿ. ಕಾಲು ಸುತ್ತು ಬಿಗಿದನು. ಬಿಗಿದಂತೆ ನಟ್ಟು ಗಡುಸಾಗಬೇಕು, ಇದು ಮೆತ್ತಗಾಯಿತು. ಆತನ ಕೈ ಅಲ್ಲಿಯೇ ನಿಂತುಹೋಯಿತು.

"ಏಕೆ, ಏನಾಯಿತು?" ಎಂದಳು ಆಕೆ.

"ಈ ನಟ್ಟು..." ಎಂದು ಆತ ಮಾತನ್ನು ಅರ್ಧಕ್ಕೆ ಬಿಟ್ಟನು.

"ಇದೊಂದಕ್ಕೆ ಮಾತ್ರ ನೀನು ಬೈದದ್ದನ್ನು ನಾನು ಕೇಳಲಿಲ್ಲ" ಎಂದಳು ಆಕೆ. ಎರಡು ವರ್ಷ ಅಡುಗೆಮನೆಯ ಕಿಟಕಿಯಿಂದ ಗ್ಯಾರೇಜಿನ ಬೈಗುಳವನ್ನೆಲ್ಲ ಕೇಳಿಸಿಕೊಂಡವಳ ಮಾತು ಅದು.

ನಟ್ಟನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ಅದರ ಥ್ರೆಡ್ಡುಗಳ ತುದಿ ಸವೆದು ಹೊಳೆಯುತ್ತಿತ್ತು. ಬ್ರಿಟನ್ನಿನ ಕಾರುಗಳು ಅಂಗುಲದ ಅಳತೆಯಿಂದ ಮಿಲಿಮೀಟರಿನ ಅಳತೆಗೆ ದಾಟಿದ್ದು 1970ರ ದಶಕದಲ್ಲಿ. ಹಳೆಯ ನಟ್ಟು ಅಂಗುಲದ ಎಂಟನೆಯ ಮೂರು ಪಾಲು, ಎಂದರೆ 9.5 ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು. ಹೊಸ ಸಿಲಿಂಡರಿನ ತೂತು 10 ಮಿಲಿಮೀಟರಿನ ನಟ್ಟಿಗಾಗಿ ಮಾಡಿದ್ದು. ಹಳೆಯದರಲ್ಲಿ ಅಂಗುಲಕ್ಕೆ 24 ಸುತ್ತು. ಹೊಸದರಲ್ಲಿ ಮಿಲಿಮೀಟರಿಗೆ ಒಂದು, ಎಂದರೆ ಅಂಗುಲಕ್ಕೆ 25ಕ್ಕೆ ತುಸು ಮೇಲೆ. ಕಣ್ಣಿಗೆ ಎರಡೂ ಒಂದೇ. ದಪ್ಪ ನಟ್ಟು ಸಣ್ಣ ತೂತಿಗೆ ಹೋಗುವುದಿಲ್ಲ; ಅದು ಪ್ರಾಮಾಣಿಕವಾಗಿ ಜಗಳವಾಡುತ್ತದೆ. ಸಣ್ಣ ನಟ್ಟು ದೊಡ್ಡ ತೂತಿನೊಳಗೆ ತುದಿತುದಿಯನ್ನಷ್ಟೇ ಹಿಡಿದುಕೊಂಡು, ಸರಿಯಾಗಿ ಕುಳಿತಂತೆ ನಟಿಸುತ್ತದೆ. ಹತ್ತು ಸಲ ಮೆಲ್ಲಗೆ ಬ್ರೇಕು ಒತ್ತಿದರೆ ಹಿಡಿದೀತು. ಇಳಿಜಾರಿನಲ್ಲಿ ಎದುರಿಗೆ ಏನೋ ಅಡ್ಡ ಬಂದು, ಬಲವಿದ್ದಷ್ಟೂ ಒತ್ತಿದ ದಿನ ಕಿತ್ತುಕೊಂಡು ಬರುತ್ತದೆ.

ಆ ರಾತ್ರಿ ಆತನು ಊಟಕ್ಕೆ ಬಂದನಾದರೂ ಹೆಚ್ಚು ಮಾತಾಡಲಿಲ್ಲ. ಪಕ್ಕದ ಆಸನದಲ್ಲಿ ಕೂರಬೇಕಾಗಿದ್ದವನು ಎಂಟು ವರ್ಷದ ಹುಡುಗ.

ಮರುದಿನ ವರ್ನಿಯರ್ ಅಳತೆಪಟ್ಟಿಯನ್ನೂ, ಥ್ರೆಡ್ಡಿನ ಅಂತರವನ್ನು ಗುರುತಿಸುವ ಬಾಚಣಿಗೆಯಂಥ ಉಪಕರಣವನ್ನೂ ತಂದು, ಬ್ರೇಕಿನ ಕೀಲುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿದನು. ಬಿಗಿಯಾಗಿದ್ದವುಗಳನ್ನೂ ಬಿಡಲಿಲ್ಲ, ಸುಖವಾಗಿ ಕುಳಿತಿದ್ದವುಗಳನ್ನು ಮೊದಲು ಬಿಚ್ಚಿದನು. ಹಿಂದಿನ ಅಚ್ಚಿನ ಬಳಿ ಇಂಥದೇ ಇನ್ನೊಂದು ಸಿಕ್ಕಿತು. ಹೊಸ ಸಿಲಿಂಡರಿನ ಒಳಗಿನ ಥ್ರೆಡ್ಡುಗಳೂ ಗಾಯಗೊಂಡಿದ್ದರಿಂದ ಅದನ್ನು ಎಸೆದು ಇನ್ನೊಂದನ್ನು ಕೊಂಡನು. ಹಳೆಯ ಕೊಳವೆಗಳಿಂದ ಉಳಿಸಿದ್ದ ಹಣಕ್ಕಿಂತ ಇದಕ್ಕೆ ಹೋದದ್ದೇ ಹೆಚ್ಚು. ಕೊಳವೆಗಳನ್ನೆಲ್ಲ ಹೊಸದಾಗಿ ಮಾಡಿಸಿದನು. ಸೋರಿದ ಎಣ್ಣೆ ತಾಗಿದ ಕಡೆ ಚಾಸಿಯ ಬಣ್ಣ ಬೊಬ್ಬೆಯೆದ್ದಿತ್ತು. ಅಲ್ಲಿಯಷ್ಟು ಕೆರೆದು ಮತ್ತೆ ಬಳಿದನು.

ಎರಡನೆಯ ಸಲ ಹೆಂಡತಿಯು ಹಲಗೆಯ ಮೇಲೆ ಕುಳಿತು, ಎರಡೂ ಕಾಲುಗಳಿಂದ ಪೆಡಲನ್ನು ಒತ್ತಿ, ಗೋಡೆಯ ಗಡಿಯಾರದಲ್ಲಿ ಮೂರು ನಿಮಿಷ ಎಣಿಸಿದಳು. ಹನಿ ಬರಲಿಲ್ಲ. ಆದರೂ ಆತನು ಪ್ರತಿಯೊಂದು ಕೀಲಿನ ಕೆಳಗೂ ವೃತ್ತಪತ್ರಿಕೆಯ ಹಾಳೆಯನ್ನು ಹಾಸಿ ದೀಪವಾರಿಸಿದನು.

ಬೆಳಗ್ಗೆ ಹಾಳೆಗಳು ಒಣಗಿಯೇ ಇದ್ದವು. ಮೂತಿಯ ಎಡಬದಿ ಮಾತ್ರ ಇನ್ನೂ ಅರ್ಧ ಅಂಗುಲ ಮೇಲೆದ್ದು ನಿಂತಿತ್ತು. ಆತನು ಅದಕ್ಕೆ ಬಾಯಿ ತುಂಬ ಬೈದು, ಮೇಣದುಂಡೆಗಳ ಡಬ್ಬಿಯನ್ನು ಕೈಗೆತ್ತಿಕೊಂಡನು.