ಸೀಸೆಯ ಮಾತು, ಚೀಟಿಯ ಮಾತು

ಡೊಂಬಿವಲಿಯ ನಮ್ಮ ಮನೆಗೆ ಮೊದಲ ಸಲ ಬರುವವರು ಅಡಿಗೆಮನೆಯ ಕಡೆ ಕಣ್ಣುಹಾಯಿಸಿ ಒಂದು ಗಳಿಗೆ ಸುಮ್ಮನಾಗುವುದುಂಟು. ಕಪಾಟಿನ ಮೇಲುಹಲಗೆಯಲ್ಲಿ ಸಾಲಾಗಿ ನಿಂತಿರುವ ಕಂದುಬಣ್ಣದ ಬಿಯರ್ ಸೀಸೆಗಳೇ ಅದಕ್ಕೆ ಕಾರಣ. ಬಾಯಿಬಿಟ್ಟು ಯಾರೂ ಏನೂ ಕೇಳುವುದಿಲ್ಲ. ಆದರೆ 'ಇವರೂ ಹೀಗಾ!' ಎಂಬ ಪ್ರಶ್ನೆ ಮುಖದಲ್ಲಿ ಇಣುಕುತ್ತದೆ. ನಾವಿಬ್ಬರೂ ಇದಕ್ಕೆ ಒಗ್ಗಿಹೋಗಿದ್ದೇವೆ. ಒಂದು ಸೀಸೆ ಇಳಿಸಿ, ಲೋಟಕ್ಕೆ ನಾಲ್ಕು ಚಮಚ ಬಗ್ಗಿಸಿ, ತಣ್ಣೀರು ಬೆರೆಸಿ ಕೈಗೆ ಕೊಟ್ಟರಾಯಿತು. ಕೆಂಪು ಷರಬತ್ತು ಗಂಟಲಿಗೆ ಇಳಿಯುತ್ತಿದ್ದಂತೆ ಬಂದವರ ಸಂಶಯವೂ ಇಳಿಯುತ್ತದೆ.

ಠಾಣೆಯಿಂದ ಕಲ್ಯಾಣದವರೆಗೆ, ಖಾಡಿಯಾಚೆ ನವಿ ಮುಂಬಯಿಯಲ್ಲಿ, ನಮ್ಮ ಕಡೆಯವರ ಎಷ್ಟೋ ಮನೆಗಳಲ್ಲಿ ಇದು ನಡೆದುಬಂದ ಪದ್ಧತಿ. ಭಂಗಾರವಾಲಾನ ಬಳಿ 650 ಮಿಲಿಲೀಟರಿನ ಖಾಲಿ ಸೀಸೆ ಅಗ್ಗಕ್ಕೆ ಸಿಗುತ್ತದೆ. ಗಾಜು ದಪ್ಪ, ಕುದಿನೀರಿನಲ್ಲಿ ತೊಳೆಯಬಹುದು, ಹುಳಿಗೆ ಜಗ್ಗುವುದಿಲ್ಲ. ಬಣ್ಣ ಕಂದಾಗಿರುವುದಕ್ಕೂ ಅರ್ಥವಿದೆ. ಬಿಯರಿಗೆ ಹಾಕುವ ಹಾಪ್ ಹೂವಿನ ಸತ್ವ ಬೆಳಕು ತಾಗಿದರೆ ನಾರುತ್ತದಂತೆ, ಅದನ್ನು ತಡೆಯಲು ಈ ಕಂದು ಗಾಜು. ಏಪ್ರಿಲ್–ಮೇ ತಿಂಗಳಲ್ಲಿ ಕೊಂಕಣದ ಹಣ್ಣು ಪೇಟೆಗೆ ಬಂದಾಗ ನಾವು ಸಿಪ್ಪೆಯನ್ನೂ ಸಕ್ಕರೆಯನ್ನೂ ಒಂದರ ಮೇಲೊಂದು ಹರಡಿ, ಭರಣಿಯಲ್ಲಿ ಕೆಲವು ದಿನ ಬಿಸಿಲಿಗಿಟ್ಟು, ಇಳಿದ ರಸಕ್ಕೆ ಜೀರಿಗೆ ಉಪ್ಪು ಸೇರಿಸಿ ಈ ಸೀಸೆಗಳಿಗೆ ತುಂಬುತ್ತೇವೆ.

ತುಂಬುವ ಮೊದಲು ಹಳೆಯ ಚೀಟಿಯನ್ನು ಕೀಳಬೇಕು. ರಾತ್ರಿಯಿಡೀ ಬಕೆಟ್ಟಿನಲ್ಲಿ ಸೋಡಾಖಾರದ ನೀರಿಗೆ ಹಾಕಿಟ್ಟರೆ ಬೆಳಿಗ್ಗೆ ಹಾಳೆ ತಾನಾಗಿ ತೇಲುತ್ತದೆ. ಎಲ್ಲರೂ ಲೇಬಲ್ಲು ಎನ್ನುವ ಈ ಚೀಟಿ ಕಳಚಿದ ಮೇಲೆ ಸೀಸೆ ಮೂಗನಾಗುತ್ತದೆ. ಒಳಗೆ ಷರಬತ್ತಿದೆಯೋ, ಜೇನಿದೆಯೋ, ಫಿನೈಲಿದೆಯೋ ಅದು ಹೇಳಲಾರದು. ಹೇಳಿದರೂ ಸುಳ್ಳನ್ನೇ ಹೇಳುತ್ತದೆ, ಏಕೆಂದರೆ ಅದರ ಆಕಾರ ಇನ್ನೂ ಬಿಯರಿನದೇ. ಆದ್ದರಿಂದ ಹೊಸ ಚೀಟಿ ಬೇಕು.

ಚೀಟಿ ಬರೆಯುವುದೇನು ಮಹಾ ಎನ್ನಬಹುದು. ನಮ್ಮಲ್ಲೊಬ್ಬರು ಉಡುಪಿ ಕಡೆಯವರು, ಇನ್ನೊಬ್ಬರು ಶಿರಸಿ ಕಡೆಯವರು. ಉಡುಪಿಗೆ ಈ ಹಣ್ಣು ಪುನರ್ಪುಳಿ, ಶಿರಸಿಗೆ ಮುರುಗಲು. ಪಕ್ಕದ ಮನೆಯ ಕೊಂಕಣಿಯವರು ಬಿರಿಂಡಾ ಎನ್ನುತ್ತಾರೆ, ಪೇಟೆಯ ಮರಾಠಿಯಲ್ಲಿ ಕೋಕಮ. "ಅಂಗಡಿಯವರಿಗೂ ತಿಳಿಯುವ ಹಾಗೆ ಕೋಕಂ ಅಂತ ಬರೆದುಬಿಡಿ" ಎಂದು ನೆರೆಯವರು ರಾಜಿ ಸೂಚಿಸಿದಾಗ, ಅದುವರೆಗೆ ಜಗಳವಾಡುತ್ತಿದ್ದ ನಾವಿಬ್ಬರೂ ಒಂದಾಗಿ ವಿರೋಧಿಸಿದೆವು. ಕೊನೆಗೆ ಎರಡು ಹೆಸರನ್ನೂ ಬರೆಯುವುದೆಂದು ತೀರ್ಮಾನವಾಯಿತು. ಯಾವುದು ಮೇಲೆ ಎಂಬುದು ವರ್ಷಕ್ಕೊಮ್ಮೆ ಬದಲಾಗುತ್ತದೆ.

ಮಾರುವವರಿಗೆ ಇಷ್ಟು ಸ್ವಾತಂತ್ರ್ಯವಿಲ್ಲ. 2006ರ ಆಹಾರ ಸುರಕ್ಷತಾ ಕಾಯಿದೆ ಬಂದ ಮೇಲೆ ಮನೆಯ ಉಪ್ಪಿನಕಾಯಿ ಮಾರುವ ಹೆಂಗಸರೂ 14 ಅಂಕಿಗಳ ನೋಂದಣಿ ಸಂಖ್ಯೆ, ಬೆರಕೆಯ ಪದಾರ್ಥಗಳು, ತೂಕ, ತಾರೀಖು, ಸಸ್ಯಾಹಾರದ ಹಸಿರು ಚುಕ್ಕೆ, ಎಲ್ಲವನ್ನೂ ಅಂಗೈಯಗಲದ ಹಾಳೆಯಲ್ಲಿ ಕೂರಿಸಬೇಕು. ವಿವರಗಳು ಇಂಗ್ಲಿಷಿನಲ್ಲೋ ದೇವನಾಗರಿಯ ಹಿಂದಿಯಲ್ಲೋ ಇರಬೇಕು. ಕನ್ನಡಕ್ಕೆ ಅಡ್ಡಿಯಿಲ್ಲ, ಆದರೆ ಅದು ಜೊತೆಗೆ ಬಂದ ಅತಿಥಿ. ನಾವು ಮಾರುವವರಲ್ಲ, ಬಂಧುಬಳಗಕ್ಕೆ ಕೊಡುವವರು. ಹಾಗಾಗಿ ನಮ್ಮ ಚೀಟಿಯಲ್ಲಿ ಕನ್ನಡವೇ ಯಜಮಾನ.

ಹೋದ ವರ್ಷ ಈ ವಿಷಯದಲ್ಲಿ ನಮಗೊಂದು ಪರೀಕ್ಷೆ ಬಂತು. ಅಮೆರಿಕದ ಒರೆಗಾನ್‌ನಲ್ಲಿರುವ ನಮ್ಮ ಅಕ್ಕನ ಮಗ ಇಲ್ಲಿಂದ ಒಣಗಿದ ಸಿಪ್ಪೆ ಕೊಂಡೊಯ್ದಿದ್ದ. ಒಂದಿಷ್ಟನ್ನು ಷರಬತ್ತು ಮಾಡಿ, ಉಳಿದದ್ದನ್ನು ಮನೆಯಲ್ಲೇ ಕಾಸಿದ ಬಿಯರಿಗೆ ಹಾಕಿದನಂತೆ. ಅಲ್ಲಿ ಅದು ತಪ್ಪಲ್ಲ. 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿಹಾಕಿದ ಕಾನೂನಿನ ಪ್ರಕಾರ ವಯಸ್ಕನೊಬ್ಬ ವರ್ಷಕ್ಕೆ 100 ಗ್ಯಾಲನ್ ಬಿಯರನ್ನು ಮನೆಖರ್ಚಿಗೆ ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು, ಮಾರಕೂಡದು ಅಷ್ಟೆ. ನಮ್ಮಲ್ಲಾದರೆ 1949ರ ಮುಂಬಯಿ ಪಾನನಿರೋಧ ಕಾಯಿದೆ ಈಗಲೂ ಹೆಸರು ಬದಲಿಸಿಕೊಂಡು ಜಾರಿಯಲ್ಲಿದೆ. ಪರವಾನಗಿಯಿಲ್ಲದೆ ಮನೆಯಲ್ಲಿ ಬಿಯರ್ ಕಾಸಿದರೆ ಪೊಲೀಸರೇ ಅತಿಥಿಗಳು.

"ಚಿಕ್ಕಮ್ಮಾ, ಚಿಕ್ಕಪ್ಪನ ಹತ್ತಿರ ಹೇಳಿ ಒಂದು ಲೇಬಲ್ ಬರೆಸಿಕೊಡಿ. ಕನ್ನಡದಲ್ಲಿ ಮುರುಗಲು ಅಂತ ಇರಲಿ, ನಡುವೆ ಶಿರಸಿ ಅಜ್ಜಿಯ ಚಿತ್ರ ಹಾಕಿ" ಎಂದು ಅವನ ಸಂದೇಶ ಬಂತು. ಅಲ್ಲಿಯ ಹವ್ಯಾಸಿಗಳು ಚೀಟಿಯ ಬೆನ್ನಿಗೆ ಹಾಲು ಸವರಿ ಸೀಸೆಗೆ ಅಂಟಿಸುತ್ತಾರೆಂದೂ, ಬೇಡವಾದಾಗ ನೀರಿಗೆ ಹಾಕಿದರೆ ಸಲೀಸಾಗಿ ಬರುತ್ತದೆಂದೂ ತಿಳಿಸಿದ್ದ. ನಾವೂ ಮಾಡಿ ನೋಡಿದೆವು. ಮೈದಾ ಅಂಟಿಗಿಂತ ವಾಸಿ.

ಅಜ್ಜಿಯ ಚಿತ್ರದ ಮಾತು ಮಾತ್ರ ನಮಗೆ ಹಿಡಿಸಲಿಲ್ಲ. ಮಡಿಯ ಅಜ್ಜಿಯನ್ನು ಬಿಯರಿನ ಮೇಲೆ ಕೂರಿಸುವುದೇ ಎಂದು ಮೊದಲು ಎದೆ ಧಸಕ್ಕೆಂದದ್ದು ನಿಜ. ಎರಡು ದಿನ ಕಳೆದ ಮೇಲೆ ಅದಕ್ಕಿಂತ ಗಟ್ಟಿಯಾದ ಕಾರಣ ಹೊಳೆಯಿತು. ಅವನ ಮನೆಯಲ್ಲಿ ಏಳು ವರ್ಷದ ಮಗಳಿದ್ದಾಳೆ. ಷರಬತ್ತು, ಬಿಯರು ಎರಡೂ ಒಂದೇ ಬಗೆಯ ಕಂದು ಸೀಸೆಯಲ್ಲಿ, ಒಂದೇ ಹಣ್ಣಿನವು. ಮುತ್ತಜ್ಜಿಯ ಮುಖ ಕಂಡರೆ ಆ ಮಗು ಏನೆಂದುಕೊಂಡೀತು? ಇದು ನನಗೆ ಮಾಡಿದ್ದು ಎಂದೇ ಅಲ್ಲವೆ?

ಚೀಟಿಯೆಂದರೆ ಅಲಂಕಾರವಲ್ಲ, ಕೊಟ್ಟ ಮಾತು. ಬ್ರಿಟನ್ನಿನಲ್ಲಿ ವ್ಯಾಪಾರದ ಗುರುತುಗಳ ನೋಂದಣಿ 1876ರ ಜನವರಿ 1ರಂದು ಆರಂಭವಾದಾಗ ಮೊದಲ ಸಂಖ್ಯೆ ಪಡೆದದ್ದು ಬಾಸ್ ಕಂಪನಿಯ ಬಿಯರ್ ಸೀಸೆಯ ಕೆಂಪು ತ್ರಿಕೋಣ. 1882ರಲ್ಲಿ ಮಾನೆ ಎಂಬ ಫ್ರೆಂಚ್ ಚಿತ್ರಕಾರ ಪ್ಯಾರಿಸಿನ ಪಾನಗೃಹವೊಂದನ್ನು ಚಿತ್ರಿಸಿದಾಗ ಆ ತ್ರಿಕೋಣವನ್ನೂ ಬರೆದ. ಒಳಗಿರುವುದು ಇಂಥದು, ಮಾಡಿದವರು ಇಂಥವರು ಎಂಬ ಭರವಸೆ ಆ ಗುರುತಿನಲ್ಲಿತ್ತು. ಅಂಥ ಭರವಸೆಯಿಲ್ಲದಿದ್ದರೆ ಏನಾಗುತ್ತದೆಂದು ಮುಂಬಯಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2015ರ ಜೂನ್‌ನಲ್ಲಿ ಮಾಲವಣಿಯಲ್ಲಿ ಮೆಥನಾಲ್ ಬೆರೆತ ಕಳ್ಳಸಾರಾಯಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಅದಕ್ಕೆ ಹೆಸರೂ ಇರಲಿಲ್ಲ, ಮಾಡಿದವನ ವಿಳಾಸವೂ ಇರಲಿಲ್ಲ.

ಶಿರಸಿಯ ಅಜ್ಜಿ ಇದನ್ನು ಯಾವ ಕಾಯಿದೆಯನ್ನೂ ಓದದೆ ಬಲ್ಲವರು. ಭರಣಿಯ ಬಾಯಿಗೆ ಬಟ್ಟೆ ಬಿಗಿದು, ದಾರಕ್ಕೆ ಒಂದು ತುಂಡು ಕಾಗದ ಸಿಕ್ಕಿಸುತ್ತಿದ್ದರು. ಅದರಲ್ಲಿ ಪೆನ್ಸಿಲಿನಿಂದ ಬರೆದ ಹೆಸರು ಮತ್ತು ತಿಂಗಳು. ಪೆನ್ಸಿಲೇ ಏಕೆಂದರೆ ಒದ್ದೆ ಕೈ ತಾಗಿದರೆ ಶಾಯಿ ಹರಿಯುತ್ತದೆ, ಪೆನ್ಸಿಲು ಹರಿಯುವುದಿಲ್ಲ.

ನಾವು ಅಕ್ಕನ ಮಗನಿಗೆ ಒಂದಲ್ಲ, ಎರಡು ಚೀಟಿ ಬರೆದು ಕಳಿಸಿದೆವು. ಬಿಯರಿನದು ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರ, ಚಿತ್ರವಿಲ್ಲ. ದೊಡ್ಡದಾಗಿ 'ಬಿಯರ್', ಕೆಳಗೆ ಇಂಗ್ಲಿಷಿನಲ್ಲೂ ಅದೇ, ಮಾಡಿದವನ ಹೆಸರು, ತುಂಬಿದ ತಾರೀಖು, 'ದೊಡ್ಡವರಿಗೆ ಮಾತ್ರ'. ಆ ತಾರೀಖಿನ ಜಾಗ ಖಾಲಿ ಬಿಡಬೇಡವೆಂದು ಒತ್ತಿ ಹೇಳಿದೆವು. ಮುಚ್ಚಿದ ಮೇಲೂ ಒಳಗೆ ಹುದುಗು ನಡೆಯುತ್ತದೆ, ಸಕ್ಕರೆ ಹೆಚ್ಚಾದರೆ ಸೀಸೆ ಒಡೆಯುವುದೂ ಉಂಟು. ಷರಬತ್ತಿನ ಚೀಟಿ ಕೆಂಪಂಚಿನದು. ಅಲ್ಲಿ ಮೂಗುಬಟ್ಟಿನ ಅಜ್ಜಿ, ಕೆಳಗೆ 'ಮುರುಗಲು'. ಈ ಸಲ ಪುನರ್ಪುಳಿ ಬಿಟ್ಟುಕೊಟ್ಟದ್ದಕ್ಕೂ ಕಾರಣವಿದೆ. ಓದಬೇಕಾದವಳು ಮಗು. ಅರ್ಕಾವತ್ತು ಬಿಡಿಸಲು ಅವಳಿಗೆ ಇನ್ನೂ ಕಾಲ ಬೇಕು, ಮುರುಗಲಿನಲ್ಲಿ ಒತ್ತಕ್ಷರವೇ ಇಲ್ಲ.

"ಬರೀ ಬಿಯರ್ ಅಂತ ಬರೆದರೆ ಸ್ನೇಹಿತರ ಎದುರು ಸಪ್ಪೆ ಆಗೋದಿಲ್ವಾ ಚಿಕ್ಕಪ್ಪ?" ಎಂದು ಅವನು ಗೊಣಗಿದ. ಆದರೂ ಅಂಟಿಸಿದ. ಕಳೆದ ಯುಗಾದಿಗೆ ವಿಡಿಯೋ ಕರೆ ಮಾಡಿದಾಗ ಅವನ ಮಗಳು ಎರಡು ಸೀಸೆಗಳನ್ನೂ ಮುಂದಿಟ್ಟುಕೊಂಡು, ಬೆರಳಿಟ್ಟು, "ಮು-ರು-ಗ-ಲು, ಇದು ನಂದು. ಬಿ-ಯ-ರ್, ಇದು ಅಪ್ಪಂದು" ಎಂದು ಓದಿ ತೋರಿಸಿದಳು. ಮಗು ಓದಲು ಕಲಿತ ಮೊದಲ ಕನ್ನಡ ಶಬ್ದಗಳಲ್ಲಿ ಒಂದು ಬಿಯರೇ ಎಂದು ನಗುವವರು ನಗಲಿ. ಯಾವುದನ್ನು ಮುಟ್ಟಬಾರದೆಂದು ಅವಳಿಗೆ ಕನ್ನಡದಲ್ಲೇ ತಿಳಿಯಿತಲ್ಲ, ನಮಗೆ ಅಷ್ಟು ಸಾಕು.