ಮಲಪ್ರಭೆಯ ದಂಡೆಯಲ್ಲಿ ಎರಡು ಕ್ಯಾಮೆರಾಗಳು

ಕೂಡಲಸಂಗಮದ ದರ್ಶನವಾಗಬೇಕೆಂಬುದು ನಮ್ಮ ತಾಯಿಯವರ ಬಹುದಿನಗಳ ಅಪೇಕ್ಷೆ. ಅವರಿಗೀಗ ಎಂಬತ್ತು ದಾಟಿದೆ. ಮೊಣಕಾಲು ನೋವು, ಒಂದು ಕಣ್ಣಿನ ದೃಷ್ಟಿಯೂ ಮಂದ. ಇನ್ನು ತಡಮಾಡುವುದು ತರವಲ್ಲವೆಂದು ಕಳೆದ ಮಾಗಿಯಲ್ಲಿ ನಿಶ್ಚಯಿಸಿ, ಧಾರವಾಡದಿಂದ ಹೊರಟು ಬಾದಾಮಿ, ಶಿವಯೋಗಮಂದಿರ, ಪಟ್ಟದಕಲ್ಲು, ಐಹೊಳೆಗಳನ್ನು ನೋಡುತ್ತ ಸಂಗಮವನ್ನು ಮುಟ್ಟುವ ಮೂರು ದಿನಗಳ ಪ್ರವಾಸವನ್ನು ಗೊತ್ತುಪಡಿಸಿದೆವು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಸುಮಾರು 300 ಕಿ.ಮೀ. ಹರಿದು ಕೃಷ್ಣೆಯಲ್ಲಿ ಒಂದಾಗುತ್ತದೆ. ನಮ್ಮ ಪ್ರವಾಸ ಆ ಹರಿವಿನ ಕೊನೆಯ ಭಾಗವನ್ನೇ ಅನುಸರಿಸಿದ್ದಿತು.

ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿ ಒಂದು ಚಿಕ್ಕ ವಿವಾದವೇ ಎದ್ದಿತು. ನನ್ನ ಬಳಿ ಹಳೆಯದೊಂದು ಡಿಎಸ್‌ಎಲ್‌ಆರ್ ಕ್ಯಾಮೆರಾ ಇದೆ: 2008ರಲ್ಲಿ ಬಂದ ನಿಕಾನ್ ಡಿ90. ಅದರ ತಯಾರಿಕೆ ನಿಂತು ವರ್ಷಗಳೇ ಸಂದಿರುವುದರಿಂದ ಹೆಸರು ಹೇಳಿದರೆ ಜಾಹೀರಾತೆಂಬ ಆಪಾದನೆ ಬರಲಾರದು. ಮಗಳು ಬೆಂಗಳೂರಿನಿಂದ ಬರುವಾಗ ನನಗೆಂದೇ ಹೊಸ ಮಾದರಿಯದೊಂದು ಚಿಕ್ಕ ಕ್ಯಾಮೆರಾವನ್ನು ತಂದಿದ್ದಳು. ಜುಬ್ಬಾದ ಕಿಸೆಯಲ್ಲಿ ಹಿಡಿಸುವ ಗಾತ್ರ. ಆದರೆ ದೂರದ್ದನ್ನು 40 ಪಟ್ಟು ಹತ್ತಿರ ತರುವ ಲೆನ್ಸು. ಇವನ್ನು ಸೂಪರ್‌ಜೂಮ್ ಎಂದು ಕರೆಯುತ್ತಾರೆ.

ನಾನು ರೂಢಿಯಂತೆ ಹಳೆಯ ಕ್ಯಾಮೆರಾದ ಚೀಲವನ್ನು ಹೆಗಲಿಗೇರಿಸಿ ನೋಡುತ್ತಿದ್ದಾಗ ತಾಯಿಯವರು ಕೇಳಿದರು: "ಯಾಕೋ, ಇಷ್ಟ ದೊಡ್ಡ ಗಂಟ ಹೊತಗೊಂಡು ಎಲ್ಲಿಗೆ ಹೊಂಟಿ? ಸಂತಿಗೇನು?"

ಮಗಳು ನಗಲಿಲ್ಲ. "ಅಪ್ಪಾ, ಅಜ್ಜೀನ ಹಿಡಕೊಳ್ಳಾಕ ನಿಮಗ ಒಂದ ಕೈ ಬೇಕಲ್ಲ?" ಎಂದಳು.

ಆ ಮಾತು ನನ್ನನ್ನು ತಡೆಯಿತು. ಅಡುಗೆಮನೆಯ ತಕ್ಕಡಿಯಲ್ಲಿ ಎರಡನ್ನೂ ತೂಗಿದೆ. ಹಳೆಯದು ಬ್ಯಾಟರಿ ಹಾಗೂ ಲೆನ್ಸು ಸೇರಿ ಒಂದು ಕಿಲೋವನ್ನು ಮೀರಿ ನೂರು ಗ್ರಾಂ ಹೆಚ್ಚು. ಹೊಸದು ಮುನ್ನೂರು ಗ್ರಾಂ. ಹಳೆಯದರ ಜೊತೆಗಿರುವ ಲೆನ್ಸು 18ರಿಂದ 105 ಮಿ.ಮೀ. ವ್ಯಾಪ್ತಿಯದು. ಹಳೆಯ ರೀಲು ಕ್ಯಾಮೆರಾಗಳ ಲೆಕ್ಕದಲ್ಲಿ ಹೇಳುವುದಾದರೆ 27ರಿಂದ 157 ಮಿ.ಮೀ. ಆಗುತ್ತದೆ. ಅದೇ ಲೆಕ್ಕದಲ್ಲಿ ಚಿಕ್ಕದು 24ರಿಂದ 960ರವರೆಗೆ ಹೋಗುತ್ತದೆ. ದೊಡ್ಡ ಕ್ಯಾಮೆರಾದಲ್ಲಿ ಅಷ್ಟು ದೂರವನ್ನು ಮುಟ್ಟಬೇಕಾದರೆ ಮೊಳದುದ್ದದ ಲೆನ್ಸನ್ನೂ ಅದನ್ನು ಹೊರುವ ಆಳನ್ನೂ ಕರೆದೊಯ್ಯಬೇಕು.

ಹಾಗಿದ್ದರೆ ಹಳೆಯದನ್ನು ಮನೆಯಲ್ಲಿಯೇ ಬಿಟ್ಟು ಹೋಗುವುದು ಸುಲಭವಾಗಿರಬೇಕಿತ್ತು. ಆಗಲಿಲ್ಲ. ಕಾರಣ, ಕ್ಯಾಮೆರಾದ ಹೊಟ್ಟೆಯೊಳಗೆ ಬೆಳಕನ್ನು ಹಿಡಿಯುವ ಸೆನ್ಸರ್ ಎಂಬ ಫಲಕ. ಡಿ90ರಲ್ಲಿ ಅದರ ಅಳತೆ ಸುಮಾರು 24ಕ್ಕೆ 16 ಮಿ.ಮೀ.; ಚಿಕ್ಕದರಲ್ಲಿ 6ಕ್ಕೆ 4.5 ಮಿ.ಮೀ. ವಿಸ್ತೀರ್ಣದಲ್ಲಿ ಹದಿಮೂರು ಪಟ್ಟು ಅಂತರ. ಮಳೆ ಬರುವಾಗ ಅಂಗಳದಲ್ಲಿ ಒಂದು ಹರಿವಾಣವನ್ನೂ ಒಂದು ಬಟ್ಟಲನ್ನೂ ಇಟ್ಟರೆ ಯಾವುದರಲ್ಲಿ ಹೆಚ್ಚು ನೀರು ನಿಲ್ಲುವುದೆಂದು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಧಾರಾಕಾರ ಮಳೆಯಲ್ಲಿ ಎರಡೂ ತುಂಬುತ್ತವೆ. ತುಂತುರು ಹನಿಯಲ್ಲಿ ಬಟ್ಟಲಿನ ತಳವೂ ತೋಯುವುದಿಲ್ಲ. ಹೊಸದರಲ್ಲಿ 20 ಮೆಗಾಪಿಕ್ಸೆಲ್, ಹಳೆಯದರಲ್ಲಿ 12 ಮಾತ್ರ ಎಂಬ ಅಂಗಡಿಕಾರರ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು. ನಮ್ಮ ಗುಡಿಗಳ ನವರಂಗಗಳಲ್ಲಿರುವುದು ತುಂತುರು ಬೆಳಕು.

ಕೊನೆಗೆ ಎರಡನ್ನೂ ಕಾರಿಗೆ ಹಾಕಿದೆವು. ಇಳಿದ ಕಡೆಯೆಲ್ಲ ಒಂದನ್ನು ಮಾತ್ರ ಒಯ್ಯುವುದೆಂದು ಮಗಳೊಡನೆ ಕರಾರಾಯಿತು.

ಬಾದಾಮಿಯಲ್ಲಿ ಮೇಣಬಸದಿಗಳ ಮೆಟ್ಟಿಲೇರುವುದು ತಾಯಿಯವರಿಂದ ಸಾಧ್ಯವಿರಲಿಲ್ಲ. ಕ್ರಿ.ಶ. 578ರ ಮಂಗಲೇಶನ ಶಾಸನವಿರುವ ಮೂರನೆಯ ಗುಹೆಗೆ ನಾನೊಬ್ಬನೇ ಹೋಗಿಬಂದೆ, ಚಿಕ್ಕ ಕ್ಯಾಮೆರಾದೊಡನೆ. ಅಲ್ಲಿಯ ಕೋತಿಗಳ ಕೀರ್ತಿಯನ್ನು ಬಲ್ಲವರಿಗೆ ಕಿಸೆಯಲ್ಲಿ ಹಿಡಿಸುವ ವಸ್ತುವಿನ ಬೆಲೆ ತಿಳಿದೀತು. ಕೆಳಗಿಳಿದು ಬಂದಾಗ ತಾಯಿಯವರು ಉತ್ತರದ ಬೆಟ್ಟವನ್ನು ನೋಡುತ್ತ, "ಅಲ್ಲಿ ಬಂಡಿ ಮ್ಯಾಲೆ ಏನೋ ಗುಡಿ ಐತೇನು? ನನಗ ಬರೇ ಮಸುಕ ಕಾಣತೈತಿ" ಎಂದರು. ಅದು ಮಾಲೆಗಿತ್ತಿ ಶಿವಾಲಯ. ಚಿಕ್ಕ ಕ್ಯಾಮೆರಾದ ಲೆನ್ಸನ್ನು ಹೊರಚಾಚಿಸಿ, ಅದರ ಬೆನ್ನ ಮೇಲಿನ ಮೂರಂಗುಲದ ಪರದೆಯನ್ನು ಅವರ ಕಣ್ಣಿಗೆ ಹತ್ತಿರ ಹಿಡಿದೆ. ಕಂಬ, ಗೋಡೆ, ಶಿಖರಗಳು ಒಂದೊಂದಾಗಿ ಪರದೆಯಲ್ಲಿ ಬಂದು ನಿಂತವು. ತಾಯಿಯವರು ಬಹಳ ಹೊತ್ತು ನೋಡಿದರು. "ಇನ್ನೂ ಅತ್ತಾಗ ತಿರುವು," ಎಂದು ಅಪ್ಪಣೆ ಮಾಡಿದರು.

ಕ್ಯಾಮೆರಾ ಚಿತ್ರ ತೆಗೆಯುವ ಸಾಧನವೆಂದೇ ನಾನು ತಿಳಿದಿದ್ದೆ. ಅದು ನೋಡುವ ಸಾಧನವೂ ಹೌದೆಂಬುದು ಅಂದು ಗೊತ್ತಾಯಿತು. ಕಣ್ಣಿಗಾನಿಸಿ ನೋಡುವ ಡಿ90ರ ಕಿಂಡಿಯಲ್ಲಿ ಅವರಿಗೆ ಏನೂ ಕಾಣುತ್ತಿರಲಿಲ್ಲ. ಈಗಿನ ಫೋನುಗಳೇ ಸಾಲವೇ ಎಂದು ಕೇಳುವವರಿದ್ದಾರೆ. ಹತ್ತಿರದ ಚಿತ್ರಗಳಿಗೆ ಧಾರಾಳವಾಗಿ ಸಾಕು. ದೂರದ ಶಿಖರದ ವಿಷಯ ಬಂದಾಗ ಮಾತ್ರ ಬಹುತೇಕ ಫೋನುಗಳು ಅರ್ಧ ದಾರಿಯಲ್ಲಿಯೇ ನಿಲ್ಲುತ್ತವೆ.

ಅಂದು ಮಧ್ಯಾಹ್ನ ಶಿವಯೋಗಮಂದಿರ. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಸ್ಥಾಪಿಸಿದ ಈ ಸಂಸ್ಥೆಯ ಪರಿಚಯ ಓದುಗ ಬಂಧುಗಳಿಗೆ ಇದ್ದೇ ಇರುತ್ತದೆ. ನಮ್ಮ ನಾಡಿನ ಎಷ್ಟೋ ಮಠಗಳ ಪೂಜ್ಯರು ವಟುಗಳಾಗಿ ಓದಿದ ಸ್ಥಳವಿದು. ಇಲ್ಲಿ ನಾನು ಹಟಹಿಡಿದು ದೊಡ್ಡ ಕ್ಯಾಮೆರಾವನ್ನೇ ಒಯ್ದಿದ್ದೆ. ಹಿರಿಯರ ಅನುಮತಿಯನ್ನೂ ಪಡೆದಿದ್ದೆ. ಆದರೆ ಮರದ ನೆರಳಿನಲ್ಲಿ ಪಾಠ ಒಪ್ಪಿಸುತ್ತಿದ್ದ ಬಾಲಕರು ನನ್ನ ಕೈಯಲ್ಲಿನ ವಸ್ತುವನ್ನು ಕಂಡೊಡನೆ ಸುಮ್ಮನಾಗಿ ಸಾಲಾಗಿ ನಿಂತರು. "ಪೇಪರಿನವರೇನ್ರಿ?" ಎಂದು ಒಬ್ಬ ಕೇಳಿದ. ಕನ್ನಡಿ ಮೇಲೇಳುವ ಖಟ್ ಎಂಬ ಸದ್ದು ಆ ಮೌನದಲ್ಲಿ ನನಗೇ ಒರಟಾಗಿ ಕೇಳಿಸಿತು. ಚಿತ್ರವೇನೋ ಸ್ವಚ್ಛವಾಗಿ ಬಂದಿದೆ. ಅದರಲ್ಲಿ ಹನ್ನೆರಡು ಮಕ್ಕಳು ಶಾಲೆಯ ಗುಂಪುಚಿತ್ರಕ್ಕೆ ನಿಂತಂತೆ ನಿಂತಿದ್ದಾರೆ, ಪಾಠವಿಲ್ಲ. ಅಲ್ಲಿಂದ ಹೊರಡುವಾಗ ತಾಯಿಯವರು ಮಂದಿರದಲ್ಲಿಯೇ ತಯಾರಿಸುವ ವಿಭೂತಿಯ ಗಟ್ಟಿಗಳನ್ನು ಬಂಧುಗಳಿಗೆಂದು ಕೊಂಡರು. ಅವರು ಅವನ್ನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದುದನ್ನು ಮಗಳು ಚಿಕ್ಕ ಕ್ಯಾಮೆರಾದಲ್ಲಿ ಸದ್ದಿಲ್ಲದೆ ತೆಗೆದಳು. ಎರಡರಲ್ಲಿ ಯಾವುದು ಶಿವಯೋಗಮಂದಿರದ ಚಿತ್ರವೆಂದು ಕೇಳಿದರೆ ನಾನು ಮಗಳದ್ದನ್ನೇ ತೋರಿಸುವೆನು.

ಎರಡನೆಯ ದಿನ ಪಟ್ಟದಕಲ್ಲಿನಲ್ಲಿ ಮಾತ್ರ ನನ್ನ ಹಳೆಯ ಸಂಗಾತಿಗೆ ಜಯ ದೊರೆಯಿತು. ಇಮ್ಮಡಿ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಒಳಮಂಟಪವನ್ನು ನೋಡಿದವರೇ ಬಲ್ಲರು. ಹೊರಗೆ ಕಣ್ಣು ಕೋರೈಸುವ ಬಿಸಿಲು. ಒಳಗೆ ಕಲ್ಲಿನ ಜಾಲಂಧ್ರಗಳ ಮೂಲಕ ಸೋಸಿ ಬರುವ ಬೆಳಕು ಮಾತ್ರ. ಆ ಬೆಳಕಿನಲ್ಲಿಯೇ ಕಂಬಗಳ ಮೇಲೆ ರಾಮಾಯಣ ಮಹಾಭಾರತಗಳ ಪ್ರಸಂಗಗಳನ್ನು ಅಂಗೈಯಗಲದ ಆಕೃತಿಗಳಲ್ಲಿ ಸಾಲುಸಾಲಾಗಿ ಬಿಡಿಸಿದ್ದಾರೆ. ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಇಂಥ ಸ್ಮಾರಕಗಳಲ್ಲಿ ವಿಶೇಷ ಅನುಮತಿಯಿಲ್ಲದೆ ಮುಕ್ಕಾಲಿಯನ್ನು ಊರುವಂತಿಲ್ಲ. ಕೈಯಲ್ಲಿಯೇ ಹಿಡಿದು, ಉಸಿರು ಬಿಗಿಹಿಡಿದು ತೆಗೆಯಬೇಕು.

ಕರಾರನ್ನು ಮುರಿದು ಇಲ್ಲಿ ಎರಡನ್ನೂ ಪರೀಕ್ಷಿಸಿದೆ. ಒಂದೇ ಕಂಬ, ಒಂದೇ ಅಂತರ, ಬೆಳಕಿಗೆ ಸ್ಪಂದಿಸುವ ಶಕ್ತಿಯಾದ ಐಎಸ್‌ಓ ಎರಡರಲ್ಲಿಯೂ 1600. ಚಿಕ್ಕ ಪರದೆಗಳಲ್ಲಿ ಎರಡೂ ಚೆಲುವಾಗಿಯೇ ಕಂಡವು. ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದಾಗ ಅಂತರ ತಿಳಿಯಿತು. ಬಟ್ಟಲಿನಷ್ಟು ಬೆಳಕನ್ನು ಹಿಡಿದ ಚಿತ್ರದಲ್ಲಿ ಕಲ್ಲು ರವೆರವೆಯಾಗಿತ್ತು. ಆ ರವೆಯನ್ನು ನಯಗೊಳಿಸುವ ಭರದಲ್ಲಿ ಯಂತ್ರವು ಆಕೃತಿಗಳ ಮೂಗು, ಬೆರಳು, ಆಭರಣಗಳನ್ನೂ ಒರೆಸಿಹಾಕಿತ್ತು. ಇದು ಯಾವೊಂದು ಕಂಪನಿಯ ದೋಷವಲ್ಲ. ಅಷ್ಟು ಚಿಕ್ಕ ಫಲಕದ ಮಿತಿಯೇ ಅದು. ಹರಿವಾಣದ ಚಿತ್ರದಲ್ಲಿ ಶಿಲ್ಪಿಯ ಉಳಿಯ ಗೆರೆಗಳೂ ಉಳಿದಿದ್ದವು. ಅಲ್ಲದೆ ಡಿ90ರಂಥ ಕ್ಯಾಮೆರಾಗಳು ಸೆನ್ಸರ್ ಕಂಡದ್ದನ್ನೆಲ್ಲ ಪಾಕಮಾಡದೆ ಕಚ್ಚಾ ರೂಪದಲ್ಲಿಯೇ ಕೂಡಿಡಬಲ್ಲವು. ನೆರಳಲ್ಲಿ ಅಡಗಿದ ಭಾಗಗಳನ್ನು ಆಮೇಲೆ ಬೆಳಗಿಸಿಕೊಳ್ಳಬಹುದು. ನನ್ನ ಚಿಕ್ಕ ಕ್ಯಾಮೆರಾದಲ್ಲಿ ಆ ಸೌಕರ್ಯವಿಲ್ಲ. ಹಳೆಯದನ್ನು ಕೈಬಿಟ್ಟು ಬಂದಿದ್ದರೆ ನನಗೆ ಪಟ್ಟದಕಲ್ಲು ಅರ್ಧವೇ ದೊರೆಯುತ್ತಿತ್ತು.

ಈ ಮಾತನ್ನು ಇಷ್ಟು ಬೆಳೆಸಲು ಕಾರಣವಿದೆ. ಹಳೆಯ ಡಿಎಸ್‌ಎಲ್‌ಆರ್‌ಗಳು ಈಗ ಕೈಬದಲಾದ ಸರಕಾಗಿ ಅಗ್ಗದಲ್ಲಿ ದೊರೆಯುತ್ತಿವೆ. ಗುಡಿಗಳ ಶಿಲ್ಪವನ್ನೋ ಊರ ಶಾಸನಗಳನ್ನೋ ದಾಖಲಿಸಬೇಕೆಂಬ ಹವ್ಯಾಸವುಳ್ಳ ತರುಣರಿಗೆ ಅವು ಒಳ್ಳೆಯ ವಸ್ತುಗಳೆಂದೇ ನನ್ನ ಅಭಿಪ್ರಾಯ. ಕೊಳ್ಳುವಾಗ ಲೆನ್ಸಿನೊಳಗೆ ಬೂಷ್ಟು ಕಟ್ಟಿಲ್ಲವಷ್ಟೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಶಟರ್ ಎಷ್ಟು ಸಲ ಬಿದ್ದಿದೆಯೆಂಬ ಲೆಕ್ಕವನ್ನು ಕೇಳಬೇಕು; ಡಿ90ರ ಶಟರನ್ನು ಒಂದು ಲಕ್ಷ ಸಲದವರೆಗೆ ಪರೀಕ್ಷಿಸಿರುವುದಾಗಿ ತಯಾರಕರೇ ಹೇಳಿದ್ದರು. ಹಳೆಯ ಬ್ಯಾಟರಿ ಸೊರಗಿದ್ದರೆ ಹೊಸದನ್ನು ಹಾಕಿಕೊಳ್ಳಬೇಕು. ಹೊಸತರಲ್ಲಿ ಅದು ಒಂದು ಸಲ ತುಂಬಿಸಿದರೆ 850 ಚಿತ್ರಗಳವರೆಗೆ ಬರುತ್ತಿತ್ತು. ಚಿಕ್ಕದರದು 265ಕ್ಕೇ ಮುಗಿಯುತ್ತದೆ.

ಐಹೊಳೆಯಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಮೇಗುತಿಯ ಬೆಟ್ಟವೇರಿ, ರವಿಕೀರ್ತಿಯು ಇಮ್ಮಡಿ ಪುಲಿಕೇಶಿಯನ್ನು ಕೊಂಡಾಡಿದ ಕ್ರಿ.ಶ. 634ರ ಶಾಸನದ ಮುಂದೆ ನಿಂತಾಗ ನಡುಹಗಲು. ಬಿಸಿಲಿನ ಪ್ರಖರತೆಗೆ ಪರದೆಯಲ್ಲಿ ನನ್ನ ಮುಖದ ಹೊರತು ಬೇರೇನೂ ಕಾಣದಾಯಿತು; ಅಂದಾಜಿನ ಮೇಲೆ ತೆಗೆದೆ. ಕಣ್ಣಿಗಾನಿಸುವ ಕಿಂಡಿಯಿಲ್ಲದ ಕ್ಯಾಮೆರಾವನ್ನು ಕೊಳ್ಳುವವರು ನಮ್ಮ ಬಯಲುಸೀಮೆಯ ಸೂರ್ಯನನ್ನು ನೆನೆಯುವುದೊಳಿತು.

ಮೂರನೆಯ ದಿನ ಬೆಳಿಗ್ಗೆ ಸಂಗಮವನ್ನು ಮುಟ್ಟಿದೆವು. ಸಂಗಮನಾಥನ ದರ್ಶನ ಮುಗಿಸಿ ಬಸವಣ್ಣನವರ ಐಕ್ಯಮಂಟಪದ ಕಡೆಗೆ ನಡೆದೆವು. ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಈ ಸ್ಥಳವನ್ನು ಆವರಿಸುವುದರಿಂದ ಮಂಟಪದ ಸುತ್ತಲೂ ಎತ್ತರವಾದ ದುಂಡನೆಯ ಗೋಡೆಯನ್ನು ಕಟ್ಟಿ ಕಾಪಾಡಿದ್ದಾರೆ. ದರ್ಶನಕ್ಕೆ ಬಾವಿಗೆ ಇಳಿದಂತೆ ಮೆಟ್ಟಿಲುಗಳನ್ನು ಇಳಿದು ಹೋಗಬೇಕು. "ನೀವು ಮ್ಯಾಲೇ ಕೂಡ್ರಿ ಅವ್ವಾ, ನಾ ಇಳದ ಹೋಗಿ ಫೋಟೋ ತಗೊಂಡು ಬರತೀನಿ," ಎಂದೆ. ಬಾದಾಮಿಯಲ್ಲಿ ಒದಗಿದ ಉಪಾಯ ಇಲ್ಲಿಯೂ ಒದಗೀತೆಂದು ಎಣಿಸಿದ್ದೆ.

"ಫೋಟೋ ನೋಡಾಕ ಇಲ್ಲೀತನಕ ಬಂದೇನೇನೋ?" ಎಂದರು ತಾಯಿಯವರು.

ಮಗಳು ಮುಂದೆ, ನಾನು ಅವರ ಎರಡೂ ಕೈಗಳನ್ನು ಹಿಡಿದು ಒಂದೊಂದೇ ಮೆಟ್ಟಿಲು. ಇಳಿಯಲು ಎಷ್ಟು ಹೊತ್ತಾಯಿತೋ ಅರಿಯೆ. ನಡುನಡುವೆ ಗೋಡೆಗೊರಗಿ ದಣಿವಾರಿಸಿಕೊಂಡರು. ಹಿಂದಿನಿಂದ ಬಂದ ಯಾತ್ರಿಕರು ಅವಸರ ಮಾಡದೆ ದಾರಿ ಬಿಟ್ಟರು. ದೊಡ್ಡ ಕ್ಯಾಮೆರಾ ಕಾರಿನಲ್ಲಿಯೇ ಇತ್ತು, ಚಿಕ್ಕದು ಕಿಸೆಯಲ್ಲಿತ್ತು. ಕೆಳಗೆ ತಾಯಿಯವರು ಹಣೆ ಮುಟ್ಟಿಸಿ ನಮಸ್ಕರಿಸಿದಾಗ ನನ್ನ ಒಂದು ಕೈ ಅವರ ಬೆನ್ನ ಮೇಲೆ, ಇನ್ನೊಂದು ಅವರ ತೋಳಿನಲ್ಲಿ. ಆ ಕ್ಷಣದ ಚಿತ್ರ ನಮ್ಮಲ್ಲಿ ಇಲ್ಲ. ಹೆಗಲಿನಲ್ಲಿ ಒಂದೂವರೆ ಕಿಲೋದ ಚೀಲ ತೂಗಾಡುತ್ತಿದ್ದರೆ ಆ ಮೆಟ್ಟಿಲುಗಳಲ್ಲಿ ಏನಾಗುತ್ತಿತ್ತೋ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಮೇಲೆ ಬಂದು ನದಿಯ ದಂಡೆಯಲ್ಲಿ ಕುಳಿತರು. ಹಣೆಯ ಮೇಲೆ ಬೆವರಿಗೆ ಕರಗಿದ ವಿಭೂತಿ, ಮುಖದಲ್ಲಿ ದಣಿವು, ದಣಿವನ್ನು ಮೀರಿದ ಮತ್ತೇನೋ. ಕಿಸೆಯಿಂದ ತೆಗೆದು, ಎದ್ದು ನಿಲ್ಲದೆಯೇ ಒಂದು ಚಿತ್ರ ತೆಗೆದೆ. ಕೃಷ್ಣೆಯಾಚೆಯ ತಂಗಡಗಿಯಲ್ಲಿ ನೀಲಮ್ಮ ತಾಯಿಯವರ ಐಕ್ಯಸ್ಥಳವಿದೆಯೆಂದು ಕೇಳಿ, "ಅದನ್ನಟ ತೋರಿಸು," ಎಂದರು. ಆ ದಿಕ್ಕಿಗೆ ಲೆನ್ಸನ್ನು ಪೂರ್ತಿ ಚಾಚಿಸಿದೆ. ಆದರೆ ಬಿಸಿಲೇರಿತ್ತು. ನೀರ ಮೇಲಿನ ಕಾವಿಗೆ ಗಾಳಿಯೇ ಅಲುಗಾಡುತ್ತಿದ್ದು, ಆಚೆಯ ದಡವೆಲ್ಲ ಒಲೆಯ ಮೇಲಿನ ಎಸರಿನಂತೆ ಕುದಿಯುತ್ತಿತ್ತು. ಇದಕ್ಕೆ ಎಷ್ಟು ಬೆಲೆಯ ಲೆನ್ಸೂ ಉಪಾಯವಲ್ಲ. ಬೆಳಗಿನ ತಂಪಿನಲ್ಲಿ ನೋಡಬೇಕಷ್ಟೆ. ಕಾಣುತ್ತಿಲ್ಲವೆಂದು ಹೇಳುವಷ್ಟರಲ್ಲಿ ತಾಯಿಯವರು ಪರದೆಯ ಮೇಲಿನ ಆ ನಡುಗುವ ದಡಕ್ಕೇ ಕೈಮುಗಿದಿದ್ದರು.

ಮನೆಗೆ ಬಂದ ಮೇಲೆ ಎರಡು ಚಿತ್ರಗಳನ್ನು 12ಕ್ಕೆ 18 ಅಂಗುಲದ ಅಳತೆಯಲ್ಲಿ ಮುದ್ರಿಸಿ ಕಟ್ಟು ಹಾಕಿಸಿದೆ. ಒಂದು ಪಟ್ಟದಕಲ್ಲಿನ ಕಂಬ, ಹಳೆಯ ಕ್ಯಾಮೆರಾದ್ದು. ಇನ್ನೊಂದು ದಂಡೆಯಲ್ಲಿ ಕುಳಿತ ತಾಯಿಯವರು, ಚಿಕ್ಕದರದು. ಹಗಲು ಬೆಳಕಿನಲ್ಲಿ ತೆಗೆದದ್ದಾದ್ದರಿಂದ ಗೋಡೆಯ ಮೇಲೆ ಅಕ್ಕಪಕ್ಕ ತೂಗಿದಾಗ ಯಾವುದು ಯಾವ ಕ್ಯಾಮೆರಾದ್ದೆಂದು ಬಂದವರಾರೂ ಗುರುತಿಸಿಲ್ಲ.

ಬರುವ ಭಾರತ ಹುಣ್ಣಿಮೆಯ ಜಾತ್ರೆಗೆ ಉಳವಿಗೆ ಹೋಗಬೇಕೆಂದು ತಾಯಿಯವರು ಈಗಲೇ ಹೇಳತೊಡಗಿದ್ದಾರೆ. ಚಿಕ್ಕ ಕ್ಯಾಮೆರಾಕ್ಕೆ ಇನ್ನೊಂದು ಬ್ಯಾಟರಿಯನ್ನು ತರಿಸಿಟ್ಟಿದ್ದೇನೆ. ಹಳೆಯದನ್ನು ಮಾರಿಲ್ಲ. ಪಟ್ಟದಕಲ್ಲಿಗೆ ಒಬ್ಬನೇ ಮತ್ತೊಮ್ಮೆ ಹೋಗಬೇಕಾಗಿದೆ. ಆ ಮಂಟಪದ ಕಂಬಗಳಲ್ಲಿ ಇನ್ನೂ ಅರ್ಧದಷ್ಟು ಉಳಿದಿವೆ.