ಕಿವಿಯಚ್ಚು

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಗುಡ್ಡದ ಬಂಡೆಯ ಮುಂದೆ ಶಾಲೆಯ ಮಕ್ಕಳು ನಿಂತಿದ್ದಾರೆಂದು ಭಾವಿಸಬಹುದು. ಚಿನ್ನದ ಅದಿರನ್ನು ಅರಸುತ್ತ ಬಂದ ಬೀಡನ್ ಎಂಬ ಎಂಜಿನಿಯರು 1915ರಲ್ಲಿ ಕಂಡ ಶಾಸನವದು. ‘ದೇವಾನಾಂಪ್ರಿಯ’ನೆಂಬ ಬಿರುದಿನ ಹಿಂದೆ ಅಡಗಿದ್ದ ಅರಸನ ಹೆಸರು ಅಲ್ಲಿ ದೊರೆಯಿತು. ಉಪಾಧ್ಯಾಯರು ಕೇಳುತ್ತಾರೆ; ‘ಅಶೋಕ’ ಎಂದು ಮಕ್ಕಳು ಒಕ್ಕೊರಲಿನಿಂದ ನುಡಿಯುತ್ತಾರೆ. ಒಬ್ಬ ಹುಡುಗಿ ಮಾತ್ರ ಸುಮ್ಮನಿದ್ದಾಳೆ. ಅವಳ ಕಿವಿಯ ಹಿಂದೆ ಶ್ರವಣಯಂತ್ರವಿದೆ; ಬ್ಯಾಟರಿಯೂ ಹೊಸದು. ಆದರೆ ಸಾಸಿವೆಯಷ್ಟು ಗುಗ್ಗೆ ಶಬ್ದದ ದಾರಿಗೆ ಅಡ್ಡವಾಗಿದೆ. ಲಕ್ಷ್ಯವಿಲ್ಲದ ಹುಡುಗಿ ಎಂಬ ಅಪವಾದ ಮಾತ್ರ ಅವಳ ಪಾಲಿಗೆ ಬರುತ್ತದೆ.

ಇಂಥ ಯಂತ್ರದ ಶಬ್ದವು ಕಿವಿಯನ್ನು ಸೇರುವುದು ಕಿವಿಯಚ್ಚಿನ ಕಿರಿದಾದ ರಂಧ್ರದಿಂದ. ಮೃದುವಾದ ಪದಾರ್ಥವನ್ನು ಕಿವಿಯೊಳಗೆ ತುಂಬಿ, ಗಟ್ಟಿಯಾದ ಮೇಲೆ ತೆಗೆದು, ಆ ಪ್ರತಿರೂಪದಂತೆ ಅಕ್ರಿಲಿಕ್ ಅಥವಾ ಸಿಲಿಕೋನಿನಲ್ಲಿ ಅಚ್ಚನ್ನು ಸಿದ್ಧಪಡಿಸುತ್ತಾರೆ. ಒಬ್ಬರದು ಇನ್ನೊಬ್ಬರಿಗೆ ಒದಗದು. ಬಲಗಿವಿಯದು ಎಡಗಿವಿಗೂ ಒದಗದು.

ಈ ಸೀಮೆಯಲ್ಲಿ ಅದಕ್ಕೆ ಶತ್ರುಗಳು ಹಲವು. ಸಿಂಧನೂರಿನ ಕಾಲುವೆಯ ಬಯಲಿನಲ್ಲಿ ಭತ್ತದ ಸುಗ್ಗಿಯ ದೂಳು, ಬೇಸಿಗೆಯ ಬೆವರು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯುಂಟು. ಬಂಡೆ ಕೊರೆಯುವಂಥ ಸದ್ದು ವರ್ಷಗಟ್ಟಲೆ ಕಿವಿಗೆ ಬಿದ್ದರೆ ಒಳಗಿವಿಯ ನವುರಾದ ರೋಮಕೋಶಗಳು ನಶಿಸುತ್ತವೆ, ಮತ್ತೆ ಹುಟ್ಟುವುದಿಲ್ಲ. ಕಿವಿ ಮಂದವಾದ ಹಿರಿಯರಿಗೆ ಮನೆಯವರು ಬೆಚ್ಚನೆಯ ಎಣ್ಣೆ ಬಿಡುವುದುಂಟು. ಪ್ರೀತಿಯಿಂದಲೇ ಬಿಡುತ್ತಾರೆ, ಸಂದೇಹವಿಲ್ಲ. ಆದರೆ ಆ ಎಣ್ಣೆ ದೂಳಿನೊಡನೆ ಕೂಡಿ ಅಚ್ಚಿನ ರಂಧ್ರಕ್ಕೆ ಬಿರಡೆಯಾಗುತ್ತದೆ.

ಅಚ್ಚನ್ನು ದಿನವೂ ಒಣಬಟ್ಟೆಯಿಂದ ಒರೆಸಿ, ವಾರಕ್ಕೊಮ್ಮೆಯಾದರೂ ತೊಳೆಯತಕ್ಕದ್ದು. ಮೊದಲು ಕೊಳವೆಸಹಿತ ಅದನ್ನು ಯಂತ್ರದ ಕೊಕ್ಕೆಯಿಂದ ಬೇರ್ಪಡಿಸಬೇಕು. ನೀರು ಸೋಕಬಾರದ್ದು ಯಂತ್ರಕ್ಕೇ ಹೊರತು ಅಚ್ಚಿಗಲ್ಲ. ಉಗುರುಬೆಚ್ಚನೆಯ ನೀರು, ಸೌಮ್ಯವಾದ ಸಾಬೂನು, ಮೆತ್ತನೆಯ ಬ್ರಷ್ಷು ಸಾಕು. ಸ್ಪಿರಿಟ್ ಹಾಕಿದರೆ ಅಚ್ಚು ಹಾಳಾಗುತ್ತದೆ. ಅವಸರದಲ್ಲಿ ಕೈಗೆ ಸಿಗುವ ಪಿನ್ನು ಗುಗ್ಗೆಯನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. ಕೊಳವೆಯಲ್ಲಿ ನಿಂತ ಒಂದು ಹನಿ ನೀರೂ ಶಬ್ದವನ್ನು ತಡೆಯಬಲ್ಲುದು; ಆದುದರಿಂದ ರಬ್ಬರಿನ ಬುರುಡೆಯಿಂದ ಗಾಳಿಯೂದಿ ಹನಿಯನ್ನು ಹೊರದೂಡಬೇಕು. ಬಾಯಿಂದ ಊದಿದರೆ ಉಸಿರಿನ ತೇವವೂ ಸೇರೀತು. ರಾತ್ರಿಯಿಡೀ ನೆರಳಿನಲ್ಲಿ ಆರಿದರೆ ಮುಂಜಾನೆ ಜೋಡಿಸಬಹುದು. ಮಾಳಿಗೆಯ ಬಿಸಿಲಿಗೆ ಇಡುವುದು ಸಲ್ಲದು.

ಯಂತ್ರವು ಸಿಳ್ಳು ಹಾಕಿದೊಡನೆ ಕೆಟ್ಟಿತೆಂದು ಪೆಟ್ಟಿಗೆಗೆ ಸೇರಿಸುವವರುಂಟು. ಅಚ್ಚು ಸಡಿಲವಾದಲ್ಲಿ ಹೊರಕ್ಕೆ ಸೋರಿದ ಶಬ್ದವು ಮೈಕ್ರೋಫೋನನ್ನು ಹೊಕ್ಕು ಮತ್ತೆ ಹಿಗ್ಗುತ್ತದೆ. ಸಿಳ್ಳು ಹುಟ್ಟುವುದು ಹಾಗೆ. ಅಚ್ಚು ಸರಿಯಾಗಿ ಕುಳಿತಿರಲಿಕ್ಕಿಲ್ಲ, ಇಲ್ಲವೆ ಕೊಳವೆ ಬಿರುಸಾಗಿ ಸೀಳಿರಬಹುದು. ಕೊಳವೆಯನ್ನಂತೂ ಕೆಲವು ತಿಂಗಳಿಗೊಮ್ಮೆ ಬದಲಿಸಲೇಬೇಕು. ಮಕ್ಕಳಲ್ಲಿ ಕಾರಣ ಬೇರೆಯೂ ಇದ್ದೀತು: ಕಿವಿ ಬೆಳೆದಿರುತ್ತದೆ. ಆಗ ಎಷ್ಟು ತೊಳೆದರೂ ವ್ಯರ್ಥ. ಹೊಸ ಅಚ್ಚೇ ಬೇಕು. 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ಮೈಸೂರಿನಲ್ಲಿ. ಸಿಂಧನೂರಿನಿಂದ ಅದು 400 ಕಿಲೋಮೀಟರಿಗೂ ದೂರ. ಹತ್ತಿರದ ಶ್ರವಣತಜ್ಞರಿದ್ದರೆ ಅನುಕೂಲ. ಹೊಸದು ಬಂದ ದಿನ ಹಳೆಯದನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ, ಮಗು ಎಷ್ಟು ಬೆಳೆದಿದೆಯೆಂಬುದು ತಾಯಿಗೆ ಅಂಗೈಯಲ್ಲೇ ಕಾಣುತ್ತದೆ.